ಓಡುವ ಅಡುಗೆಮನೆಯಲ್ಲಿ ಚಾಕು: ಒರೆ, ಡ್ರಾಯರ್ ಟ್ರೇ, ಮ್ಯಾಗ್ನೆಟ್ ಪಟ್ಟಿ, ಕ್ಯಾನ್ವಾಸ್ ಸುರುಳಿ – ದೀರ್ಘ ಬಳಕೆಯ ವಿಮರ್ಶೆ

ಮನೆಗೆಂದು ಮಾಡಿದ ಚಾಕು ಸ್ಟ್ಯಾಂಡುಗಳೆಲ್ಲ ಒಂದೇ ನಂಬಿಕೆಯ ಮೇಲೆ ನಿಂತಿವೆ: ಇಟ್ಟ ಚಾಕು ತನ್ನ ತೂಕಕ್ಕೆ ತಾನೇ ಕೂತಿರುತ್ತದೆ. ಟ್ರಾವೆಲ್ ಟ್ರೇಲರಿನಲ್ಲಿ, ಅಂದರೆ ವಾಹನದ ಹಿಂದೆ ಕಟ್ಟಿ ಎಳೆದೊಯ್ಯುವ ಮನೆಗಾಡಿಯಲ್ಲಿ, ಈ ನಂಬಿಕೆ ಮೊದಲ ಹೊಂಡಕ್ಕೇ ಸುಳ್ಳಾಗುತ್ತದೆ. ಚಕ್ರ ಇಳಿದು ಏಳುವ ಹೊತ್ತಿಗೆ ಡ್ರಾಯರಿನೊಳಗಿನ ಚಾಕು ಗಾಳಿಯಲ್ಲಿರುತ್ತದೆ, ಎದ್ದ ಜಾಗಕ್ಕೇ ವಾಪಸು ಬೀಳಬೇಕೆಂಬ ನಿಯಮವೇನೂ ಇಲ್ಲ. ಹಾಗಾಗಿ ಯಾವ ಸಾಮಾನನ್ನು ಕೊಂಡರೂ ಕೇಳಬೇಕಾದ ಪ್ರಶ್ನೆ ಒಂದೇ: ಇದನ್ನು ತಲೆಕೆಳಗು ಮಾಡಿ ಅಲ್ಲಾಡಿಸಿದರೆ ಚಾಕು ಉದುರುತ್ತದೆಯೇ?

ಅಂಕ ಮೊದಲೇ ಹೇಳಿಬಿಡುವುದು ವಾಸಿ. ಅಲಗಿಗೆ ಹಾಕುವ ಪ್ಲಾಸ್ಟಿಕ್ ಒರೆಗೆ 5ಕ್ಕೆ 4.5. ಬಿದಿರಿನ ಡ್ರಾಯರ್ ಟ್ರೇಗೆ ಕೊಂಡ ಹಾಗೇ ಬಳಸಿದರೆ 2.5, ಮುಚ್ಚಳ ಮಾಡಿ ಬಿಗಿದರೆ 4.5. ಕ್ಯಾನ್ವಾಸ್ ಸುರುಳಿಗೆ 4. ಮ್ಯಾಗ್ನೆಟ್ ಪಟ್ಟಿಗೆ 2, ಅದೂ ಗಾಡಿ ನಿಂತಿರುವಾಗಿನ ಉಪಯೋಗಕ್ಕೆ.

ಮ್ಯಾಗ್ನೆಟ್ ಪಟ್ಟಿಯ ಮೇಲೆ ಜನರಿಗೆ ಮೋಹ ಹೆಚ್ಚು, ಅದಕ್ಕೇ ಅದರಿಂದ ಶುರು. ಅಂಗೈ ಅಗಲದ ಜಾಗದಲ್ಲಿ ನಾಲ್ಕು ಚಾಕು ನಿಲ್ಲುತ್ತವೆ, ಅಡುಗೆ ಕಟ್ಟೆ ಖಾಲಿ ಉಳಿಯುತ್ತದೆ, ನೋಡಲೂ ಚೆಂದ. ಆದರೆ ಚಿನ್ನದ ಚೂರಿ ಎಂದು ಕುತ್ತಿಗೆ ಕೊಯ್ದುಕೊಳ್ಳಲಾಗದು. ಪೆಟ್ಟಿಗೆಯ ಮೇಲೆ ಬರೆದಿರುವ ಹಿಡಿತದ ಅಂಕಿ ಚಾಕುವನ್ನು ನೇರವಾಗಿ ಎದುರಿಗೆ ಎಳೆದರೆ ಬೇಕಾಗುವ ಬಲದ್ದು. ಗೋಡೆಯ ಮೇಲಿನ ಚಾಕು ಬೀಳುವುದು ಎದುರಿಗಲ್ಲ, ಕೆಳಕ್ಕೆ ಜಾರಿ. ಜಾರುವುದನ್ನು ತಡೆಯುವುದು ಘರ್ಷಣೆ ಮಾತ್ರ. ನುಣುಪಾದ ಉಕ್ಕಿನ ಮೇಲೆ ಅದು ಬರೆದ ಅಂಕಿಯ ಸುಮಾರು ಐದನೇ ಒಂದು ಪಾಲು. 20 ಸೆಂಟಿಮೀಟರ್ ಅಲಗಿನ ಚಾಕು 200ರಿಂದ 250 ಗ್ರಾಂ ತೂಗುತ್ತದೆ, ನಿಂತ ಗಾಡಿಯಲ್ಲಿ ಅದಕ್ಕೆ ಈ ಹಿಡಿತ ಧಾರಾಳ ಸಾಕು. ಓಡುವ ಗಾಡಿಯಲ್ಲಿ ಪ್ರತಿ ಕುಲುಕಿಗೂ ಕೂದಲೆಳೆಯಷ್ಟು ಜಾರುತ್ತ ಹೋಗಿ ಅಲಗಿನ ಅರ್ಧ ಭಾಗ ಪಟ್ಟಿಯಿಂದ ಹೊರಬಂದ ಮೇಲೆ ಒಂದೇ ಏಟಿಗೆ ಬೀಳುತ್ತದೆ. ಮರದ ಹೊದಿಕೆಯ ಪಟ್ಟಿಗಳಲ್ಲಿ ಆಯಸ್ಕಾಂತ 2–3 ಮಿಲಿಮೀಟರ್ ಒಳಗಿರುತ್ತದೆ, ಅಷ್ಟು ಅಂತರಕ್ಕೇ ಸೆಳೆತ ಬಹಳ ಇಳಿಯುತ್ತದೆ.

ಎರಡನೆಯ ತೊಂದರೆ ಗೋಡೆಯದು. ಎಷ್ಟೋ ಟ್ರೇಲರುಗಳ ಒಳಗೋಡೆ 3 ಮಿಲಿಮೀಟರ್ ತೆಳು ಪ್ಲೈವುಡ್, ಅದರ ಹಿಂದೆ ಫೋಮ್. ಇದರಲ್ಲಿ ಸ್ಕ್ರೂ ಕಚ್ಚುವುದು ಒಂದೆರಡು ಸುತ್ತು ಅಷ್ಟೇ. ಹಿಂದೆ ಮರದ ಅಥವಾ ಅಲ್ಯೂಮಿನಿಯಂ ಚೌಕಟ್ಟು ಸಿಕ್ಕ ಕಡೆ ಮಾತ್ರ ಸ್ಕ್ರೂ ನಂಬಬಹುದು. ಕೊರೆಯುವ ಮುಂಚೆ ಅದೇ ಗೋಡೆಯೊಳಗೆ 12 ವೋಲ್ಟಿನ ವೈರು ಹೋಗಿದೆಯೇ ನೋಡಿ. ಸ್ವಿಚ್ಚು, ದೀಪಗಳಿಂದ ನೇರ ಮೇಲಕ್ಕೆ, ಕೆಳಕ್ಕೆ ಇರುವ ಜಾಗ ಬಿಟ್ಟುಬಿಡುವುದು ಕ್ಷೇಮ. ಸ್ಕ್ರೂ ಬೇಡವೆಂದು ವಿಎಚ್‌ಬಿ ಥರದ ಗಟ್ಟಿ ಅಂಟುಪಟ್ಟಿ ಬಳಸುವವರು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ಒತ್ತಿ ಅಂಟಿಸಿ, 72 ಗಂಟೆ ಏನನ್ನೂ ತೂಗುಹಾಕದೆ ಬಿಡಬೇಕು. ಆಮೇಲೂ ಒಂದು ಸಂಗತಿ ನೆನಪಿರಲಿ: ಅಂಟು ಬಿಡುವುದಿಲ್ಲ, ಪ್ಲೈವುಡ್ಡಿಗೆ ಹೊದಿಸಿದ ಚಿತ್ತಾರದ ವಿನೈಲ್ ಹಾಳೆಯೇ ಪಟ್ಟಿಯ ಸಮೇತ ಸುಲಿದುಕೊಂಡು ಬರುತ್ತದೆ.

ಆದ್ದರಿಂದ ಪಟ್ಟಿ ಇದ್ದರೆ ಇರಲಿ, ಹೊರಡುವ ಮುಂಚೆ ಅದು ಬರಿದಾಗಿರಬೇಕು. ಗಾಡಿ ನಿಂತಾಗ ಹೊರಕ್ಕೆ, ಹೊರಡುವಾಗ ಒಳಕ್ಕೆ ಸರಿಯುವ ಸ್ಲೈಡ್‌ಔಟ್ ಕೋಣೆಯ ದಾರಿಯ ಮೇಲಂತೂ ಪಟ್ಟಿ ಬೇಡವೇ ಬೇಡ. ಬಿದ್ದ ಚಾಕು ಅದರಡಿ ಸಿಕ್ಕಿದರೆ ನೆಲದ ವಿನೈಲ್ ಉದ್ದಕ್ಕೆ ಸೀಳುತ್ತದೆ, ಸೀಳಿನಿಂದ ಇಳಿದ ನೀರು ಕೆಳಗಿನ ಹಲಗೆಯನ್ನು ಉಬ್ಬಿಸುತ್ತದೆ. ಸೆರಾಮಿಕ್ ಚಾಕುವಿಗೆ ಆಯಸ್ಕಾಂತ ಹತ್ತುವುದೇ ಇಲ್ಲ ಎನ್ನುವುದನ್ನು ಬೇರೆ ಹೇಳಬೇಕಿಲ್ಲ.

ಈಗ ಡ್ರಾಯರ್ ಟ್ರೇ. ಸೀಳುಗಳಿರುವ ಬಿದಿರಿನ ಟ್ರೇಯಲ್ಲಿ ಅಲಗಿನ ಬಾಯಿ ಕೆಳಮುಖವಾಗಿ ಕೂರುತ್ತದೆ. ಅಕ್ಕಪಕ್ಕಕ್ಕೆ ಓಡಾಟವಿಲ್ಲ, ಹಿಡಿ ನಮ್ಮ ಕಡೆಗಿರುತ್ತದೆ. ಕೊರತೆ ಮೇಲುಗಡೆಯದು. ಚಾಕು ಎಗರಿದರೆ ಹಿಡಿಯುವವರಿಲ್ಲ. ಎಗರಿದ್ದು ಸೀಳಿನ ತುದಿಯ ಮೇಲೆ ಬೀಳುತ್ತದೆ, ಬಾಯಿ ಅಲ್ಲಲ್ಲಿ ಮುಕ್ಕಾಗುತ್ತದೆ, ಡ್ರಾಯರ್ ತೆರೆದಾಗ ಕೈಗೆ ಮೊದಲು ತಗಲುವುದು ಮೊನೆ.

ಕೊಳ್ಳುವ ಮುಂಚೆ ಡ್ರಾಯರಿನ ಒಳ ಅಳತೆ ತೆಗೆಯಿರಿ. ಹೊರಗಿನ ಫಲಕದ ಅಳತೆ ಮೋಸ ಮಾಡುತ್ತದೆ, ಏಕೆಂದರೆ ಬಾಲ್ ಬೇರಿಂಗ್ ಹಳಿಗಳೇ ಒಂದೊಂದು ಬದಿಗೂ ಸುಮಾರು 13 ಮಿಲಿಮೀಟರ್ ತಿನ್ನುತ್ತವೆ. 20 ಸೆಂಟಿಮೀಟರ್ ಅಲಗಿನ ಚಾಕುವಿನ ಒಟ್ಟು ಉದ್ದ 33–34 ಸೆಂಟಿಮೀಟರ್, ಹಾಗಾಗಿ ಒಳ ಉದ್ದ 38 ಇದ್ದರೆ ನೆಮ್ಮದಿ. ಎತ್ತರ ಮುಚ್ಚಳವೂ ಸೇರಿ 8–9 ಸೆಂಟಿಮೀಟರ್ ಬೇಕು. ಅಷ್ಟು ಸಿಗದಿದ್ದರೆ ಟ್ರೇ ಮರೆತುಬಿಡಿ, ಕೆಳಗೆ ಹೇಳುವ ಫೋಮ್ ದಾರಿ ಹಿಡಿಯಿರಿ.

ಮುಚ್ಚಳ ಮಾಡುವುದು ಒಂದು ಸಂಜೆಯ ಕೆಲಸ. 4 ಮಿಲಿಮೀಟರ್ ಪ್ಲೈವುಡ್ಡನ್ನು ಟ್ರೇಯ ಅಳತೆಗೆ ಕತ್ತರಿಸಿ, ಒಳಮೈಗೆ 10–12 ಮಿಲಿಮೀಟರ್ ದಪ್ಪದ ಇವಿಎ ಫೋಮ್ (ಚಪ್ಪಲಿಯ ಅಟ್ಟೆಗೆ ಬಳಸುವಂಥದ್ದು) ಅಂಟಿಸಿ. ಮುಚ್ಚಿದಾಗ ಹಿಡಿಗಳು ಫೋಮಿನೊಳಗೆ 3 ಮಿಲಿಮೀಟರಿನಷ್ಟು ಅಮುಕಿರಬೇಕು. ಅದಕ್ಕಿಂತ ಕಡಿಮೆಯಾದರೆ ಕಟಕಟ ಸದ್ದು ಶುರು, ಹೆಚ್ಚಾದರೆ ಮುಚ್ಚಳ ಬಿಲ್ಲಿನಂತೆ ಬಾಗಿ ನಡುವಿನ ಚಾಕು ಸಡಿಲವಾಗುತ್ತದೆ. ಮುಚ್ಚಳವನ್ನು ಹಿಡಿದಿಡಲು 25 ಮಿಲಿಮೀಟರ್ ಅಗಲದ ಎರಡು ವೆಲ್ಕ್ರೊ ಪಟ್ಟಿಗಳು ಟ್ರೇಯ ಅಡಿಯಿಂದ ಸುತ್ತಿ ಬರಬೇಕು. ಎಲ್ಲರೂ ಎಡವುವುದು ಇಲ್ಲೇ: ಟ್ರೇಯನ್ನು ಸ್ಕ್ರೂ ಹಾಕಿ ಕೂರಿಸಿದ ಮೇಲೆ ವೆಲ್ಕ್ರೊ ನೆನಪಾಗುತ್ತದೆ.

ಟ್ರೇಯನ್ನೂ ಬಿಗಿಯಬೇಕು. ಅಡಿಗೆ ಜಾರದ ರಬ್ಬರ್ ಜಾಲರಿ ಹಾಸಿದರೆ ಸಾಕೆನ್ನುವವರಿದ್ದಾರೆ. ಡ್ರಾಯರಿನ ಧೂಳು, ಎಣ್ಣೆಜಿಡ್ಡು ಸೇರಿದ ಮೇಲೆ ಅದೂ ಜಾರುತ್ತದೆ. ಡ್ರಾಯರಿನ ತಳದಿಂದ ಮೇಲಕ್ಕೆ ನಾಲ್ಕು ಗಿಡ್ಡ ಸ್ಕ್ರೂ ಹಾಕುವುದೇ ಸರಿ. ತಳ 3 ಮಿಲಿಮೀಟರ್, ಟ್ರೇಯ ಅಡಿ 10 ಮಿಲಿಮೀಟರ್ ಇದ್ದರೆ ಸ್ಕ್ರೂವಿನ ಉದ್ದ 10 ಇರಲಿ, ತುದಿ ಮೇಲಕ್ಕೆ ಇಣುಕುವುದಿಲ್ಲ. ಬಿದಿರು ನೆಟ್ಟಗೆ ಸೀಳುವ ಜಾತಿ. 3 ಮಿಲಿಮೀಟರ್ ಸ್ಕ್ರೂಗೆ ಮೊದಲು 2 ಮಿಲಿಮೀಟರ್ ತೂತು ಕೊರೆಯದಿದ್ದರೆ ಟ್ರೇ ಎರಡು ಹೋಳು.

ಗಿಡ್ಡ ಡ್ರಾಯರಿಗೆ ಪದರಪದರವಾಗಿ ಕಿತ್ತುಬರುವ ಗಟ್ಟಿ ಪಾಲಿಎಥಿಲೀನ್ ಫೋಮ್ ತರಿಸಿ. 30 ಮಿಲಿಮೀಟರ್ ದಪ್ಪದ್ದು ಸಾಕು. ಒರೆ ಹಾಕಿದ ಚಾಕುವನ್ನು ಅಡ್ಡ ಮಲಗಿಸಿ ಸುತ್ತ ಗೆರೆ ಎಳೆದು, ಕಟರಿನ ಅಲಗನ್ನು ಬೇಕಾದಷ್ಟೇ ಹೊರತೆಗೆದು ಗೆರೆಯ ಮೇಲೆ ಕೊಯ್ದು, ಒಳಗಿನ ಪದರಗಳನ್ನು ಬೆರಳಿನಿಂದ ಕೀಳುವುದು. ಹಿಡಿಗೆ 20 ಮಿಲಿಮೀಟರ್ ಆಳ, ಒರೆಯ ಭಾಗಕ್ಕೆ 8. ಹಿಡಿಯ ಎರಡೂ ಬದಿ ಬೆರಳು ತೂರುವಷ್ಟು, ಅಂದರೆ 25 ಮಿಲಿಮೀಟರ್ ಅಗಲದ ಗುಳಿ ತೆಗೆಯಿರಿ. ಅದನ್ನು ಮರೆತರೆ ಚಾಕುವನ್ನು ಅಲಗಿನ ಕಡೆಯಿಂದ ಮೀಟಿ ತೆಗೆಯುವ ಕೆಟ್ಟ ಅಭ್ಯಾಸ ಬೀಳುತ್ತದೆ. ಬರಿ ಅಲಗನ್ನು ಈ ಫೋಮಿನಲ್ಲಿ ಇಡಬೇಡಿ. ತೆಗೆದಿಟ್ಟು ಮಾಡುವಷ್ಟರಲ್ಲಿ ಅಂಚು ಚಿಂದಿಯಾಗಿ ಫೋಮಿನ ಚೂರು ಪಲ್ಯಕ್ಕೆ ಬರುತ್ತದೆ.

ಒರೆಯ ಬಗ್ಗೆ ಹೊಗಳಿಕೆಯೇ ಹೆಚ್ಚು. ಅಗ್ಗದ್ದು, ಹಗುರ, ಬೇರೆ ಯಾವ ವ್ಯವಸ್ಥೆ ಕೈಕೊಟ್ಟರೂ ಕೊನೆಯ ರಕ್ಷಣೆ ಅದೇ. ಅಲಗಿಗಿಂತ 1–2 ಸೆಂಟಿಮೀಟರ್ ಉದ್ದ ಇರಬೇಕು, ಉದ್ದ ಹೆಚ್ಚಾದದ್ದನ್ನು ಕತ್ತರಿಯಲ್ಲಿ ಕತ್ತರಿಸಬಹುದು. ಒಳಗೆ ಬಟ್ಟೆಯ ಪದರ ಇರುವ ಒರೆ ಅಲಗಿಗೆ ಗೀರು ಬೀಳಿಸುವುದಿಲ್ಲ, ಆದರೆ ನೀರು ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಬರಿ ಪ್ಲಾಸ್ಟಿಕ್ಕಿನದು ತೊಳೆಯಲು ಸುಲಭ.

ಹಾಕುವ ಕ್ರಮದಲ್ಲೇ ಇದರ ಆಯುಸ್ಸಿದೆ. ಮೊನೆಯನ್ನು ಮುಂದಿಟ್ಟು ಉದ್ದಕ್ಕೆ ನೂಕಿದರೆ ಪ್ರತಿ ಸಲವೂ ಅಲಗು ಒರೆಯ ಮಡಿಕೆಯನ್ನು ಒಳಗಿನಿಂದ ಕೊಯ್ಯುತ್ತ ಹೋಗುತ್ತದೆ. ಒಂದು ದಿನ ಮಡಿಕೆ ಬಿಚ್ಚಿಕೊಂಡು ಬಾಯಿ ನೇರ ಅಂಗೈಗೆ. ಒರೆಯನ್ನು ಕಟ್ಟೆಯ ಮೇಲೆ ಮಡಿಕೆ ಕೆಳಗಾಗಿ ನಿಲ್ಲಿಸಿ, ಪಕ್ಕದ ಗೋಡೆಗಳನ್ನಷ್ಟೇ ಹಿಡಿದು, ಚಾಕುವನ್ನು ಬೆನ್ನಿನ ಕಡೆಯಿಂದ ಒತ್ತಿ ಮೇಲಿನಿಂದ ಇಳಿಸಬೇಕು. ಆಗಾಗ ಖಾಲಿ ಒರೆಯನ್ನು ಬೆಳಕಿಗೆ ಹಿಡಿದು ನೋಡಿ, ಮಡಿಕೆಯಲ್ಲಿ ಬೆಳ್ಳಿಗೆರೆ ಕಂಡರೆ ಎಸೆಯುವ ಕಾಲ ಬಂದಿದೆ. ಹಿಡಿಯ ಬುಡದಲ್ಲಿ ಅಲಗಿನ ಬಾಯಿಯವರೆಗೂ ದಪ್ಪ ಲೋಹ ಇಳಿದಿರುವ ಚಾಕುಗಳಿಗೆ ಒರೆ ಪೂರ್ತಿ ಕೂರುವುದಿಲ್ಲ. ಒರೆಯ ಹಿಂಬದಿಯ ಮೂಲೆಯಲ್ಲಿ 5 ಮಿಲಿಮೀಟರ್ ಕತ್ತರಿಸಿ ತೆಗೆದರೆ ಸಮಸ್ಯೆ ತೀರಿತು. ಅಗಲ ಮಚ್ಚಿಗೆ ಹೊಂದುವ ಒರೆ ಸಿಗುವುದು ಕಷ್ಟ, ಸಿಕ್ಕರೂ ಬಿಗಿ ಸಾಲದು; ಒರೆಯ ಮೇಲೆ ಅಗಲ ರಬ್ಬರ್ ಬ್ಯಾಂಡ್ ಹಾಕಿ.

ಕ್ಯಾನ್ವಾಸ್ ಸುರುಳಿ ಚಿಕ್ಕ ಟ್ರೇಲರಿಗೆ ಹೇಳಿ ಮಾಡಿಸಿದ್ದು. ಡ್ರಾಯರೇ ಬೇಡ, ಕೆಳಗಿನ ಕಪಾಟಿನಲ್ಲಿ ಭಾರದ ಪಾತ್ರೆಗಳ ನಡುವೆ ಸಿಕ್ಕಿಸಿಟ್ಟರೆ ಮುಗಿಯಿತು. ದೋಷ ಎರಡು. ಬರಿ ಅಲಗನ್ನು ಜೇಬಿಗೆ ತೂರಿಸಿದರೆ ಮೊನೆ ತಳದ ಹೊಲಿಗೆಯನ್ನು ಚುಚ್ಚಿ ಹೊರಬರುತ್ತದೆ, ಹಾಗಾಗಿ ಇಲ್ಲೂ ಒರೆ ಬೇಕು. ಮತ್ತೆ, ಒದ್ದೆ ಬಟ್ಟೆ ಸುರುಳಿಯೊಳಗೆ ಒಣಗುವುದಿಲ್ಲ, ಬೀಡುಬಿಟ್ಟ ಕಡೆ ಬಿಚ್ಚಿ ಹರಡಿಡಬೇಕು. ತೊಗಲಿನ ಸುರುಳಿ ಕಣ್ಣಿಗೆ ಹಬ್ಬ, ಆದರೆ ತೊಗಲನ್ನು ಹದಮಾಡಲು ಬಳಸಿದ ಟ್ಯಾನಿನ್ನೂ ತೇವವೂ ಸೇರಿದರೆ ಕಾರ್ಬನ್ ಉಕ್ಕಿನ ಮೇಲೆ ಕಪ್ಪು ಚುಕ್ಕೆ ಬೀಳುವುದು ಖಚಿತ. ತಿಂಗಳುಗಟ್ಟಲೆ ಅದರಲ್ಲಿಡುವ ಯೋಚನೆ ಬೇಡ.

ತೇವದ ಮಾತು ಬಂದಿದ್ದಕ್ಕೆ: ಟ್ರೇಲರಿನ ಒಳಗಾಳಿ ಮನೆಗಿಂತ ಬಹಳ ಒದ್ದೆ. 1 ಕಿಲೋ ಪ್ರೊಪೇನ್ ಉರಿದರೆ 1.6 ಕಿಲೋದಷ್ಟು ನೀರಾವಿ ಹೊರಬೀಳುತ್ತದೆ, ಒಲೆ ಹಚ್ಚಿದಾಗ ಅದೆಲ್ಲ ಆ ಪುಟ್ಟ ಕೋಣೆಯಲ್ಲೇ. ರಾತ್ರಿ ತಣ್ಣಗಾದ ಉಕ್ಕಿನ ಮೇಲೆ ಅದೇ ಬೆವರಾಗಿ ಕೂರುತ್ತದೆ. ತೊಳೆದು ಒರೆಸಿದ ಚಾಕುವನ್ನು ಅರ್ಧ ಗಂಟೆ ಗಾಳಿಗಿಟ್ಟ ಮೇಲೆಯೇ ಒರೆಗೆ ಸೇರಿಸಿ. ಕಾರ್ಬನ್ ಉಕ್ಕಿಗೆ ಆಹಾರಕ್ಕೆ ಬಳಸುವ ಮಿನರಲ್ ಆಯಿಲ್ ಎರಡು ಹನಿ ಸವರಿ. ಅಡುಗೆಎಣ್ಣೆ ಬೇಡ, ಅಂಟಂಟಾಗಿ ಕಮಟುತ್ತದೆ. ಡ್ರಾಯರಿನಲ್ಲಿ ತೇವ ಹೀರಿ ಬಣ್ಣ ಬದಲಿಸುವ ಸಿಲಿಕಾ ಜೆಲ್ಲಿನ ಒಂದು ಚೀಲ ಇಡಿ.

ಇಷ್ಟೆಲ್ಲ ಮಾಡಿಯೂ ಡ್ರಾಯರೇ ತೆರೆದುಕೊಂಡರೆ ಏನು ಬಂತು? ಅಡುಗೆ ಕಟ್ಟೆ ಗಾಡಿಯ ಪಕ್ಕದ ಗೋಡೆಗಿದ್ದರೆ ಡ್ರಾಯರ್ ಅಡ್ಡಕ್ಕೆ ತೆರೆಯುತ್ತದೆ, ತಿರುವಿನಲ್ಲಿ ಮಾತ್ರ ಹೊರಕ್ಕೆ ನೂಕುತ್ತದೆ. ಕಟ್ಟೆ ಹಿಂಗೋಡೆಗಿದ್ದರೆ ಅದು ತೆರೆಯುವುದು ಮುಂದಕ್ಕೆ, ಅಂದರೆ ಪ್ರತಿ ಬ್ರೇಕಿಗೂ ಅದನ್ನು ಯಾರೋ ಎಳೆದ ಹಾಗೆ. ಸಾಲದ್ದಕ್ಕೆ ಟ್ರೇಲರಿನ ಹಿಂತುದಿಯಲ್ಲೇ ಕುಲುಕೂ ಜಾಸ್ತಿ, ಆಕ್ಸಲಿನ ಮೇಲೆ ಕಡಿಮೆ. ಆಯ್ಕೆ ಇದ್ದರೆ ಆಕ್ಸಲಿಗೆ ಹತ್ತಿರದ, ಅಡ್ಡಕ್ಕೆ ತೆರೆಯುವ, ಕೆಳಗಿನ ಡ್ರಾಯರನ್ನು ಚಾಕುವಿಗೆ ಕೊಡಿ. ಮಕ್ಕಳಿದ್ದರೆ ಈ ಲೆಕ್ಕ ತಿರುಗುತ್ತದೆ: ಮೇಲಿನ ಡ್ರಾಯರ್, ಜೊತೆಗೆ ಒಳಗಿನಿಂದ ಕೂರುವ ಮ್ಯಾಗ್ನೆಟ್ ಬೀಗ. ಅದರ ಕೀಲಿ ಎರಡು ಇಟ್ಟುಕೊಳ್ಳಿ, ಒಂದು ಕಳೆಯುತ್ತದೆ.

ಡ್ರಾಯರನ್ನು ಮುಚ್ಚಿ ಹಿಡಿಯುವ ನೈಲಾನ್ ಉರುಳೆಯ ಕಚ್ಚು ಸವೆದು ಸಡಿಲವಾಗುವುದು ಬಲು ಬೇಗ. ಗುಂಡಿ ಒತ್ತಿದರೆ ಬಿಡುವ ಚಿಲಕ ಅದಕ್ಕಿಂತ ಎಷ್ಟೋ ಮೇಲು. ಡ್ರಾಯರ್ ಅರ್ಧ ಮೀಟರಿಗಿಂತ ಅಗಲವಿದ್ದರೆ ಎರಡು ಹಾಕಿ. ಚಿಲಕ ಗಟ್ಟಿಯಿದ್ದೂ ಮುಂಭಾಗದ ಹಲಗೆಯನ್ನು ಬರಿ ಸ್ಟೇಪಲ್ ಪಿನ್ನಿನಿಂದ ಹೊಡೆದಿದ್ದರೆ ಹಲಗೆ ಚಿಲಕದೊಂದಿಗೆ ಉಳಿದು ಡ್ರಾಯರ್ ಹೊರಬರುತ್ತದೆ. ಒಳಗಿನಿಂದ ಎರಡು ಸ್ಕ್ರೂ ಬಿಗಿದರೆ ಆ ಚಿಂತೆ ಇಲ್ಲ. ಚಿಲಕ ಹಾಕಿ ಜೋರಾಗಿ ಒಮ್ಮೆ ಎಳೆದು ನೋಡುವುದೇ ಪರೀಕ್ಷೆ.

ಕಟ್ಟೆಯ ಮೇಲೆ ಇಡುವ ಮರದ ಬ್ಲಾಕಿನ ಬಗ್ಗೆ ಒಂದೇ ಮಾತು: ಮನೆಯಲ್ಲೇ ಬಿಟ್ಟು ಬನ್ನಿ. ಹಾಗೆಯೇ ಎಂಟು ಚಾಕುಗಳ ಸೆಟ್ಟನ್ನೂ. 20 ಸೆಂಟಿಮೀಟರಿನ ಒಂದು, 9 ಸೆಂಟಿಮೀಟರಿನ ಚಿಕ್ಕದೊಂದು, ಬ್ರೆಡ್ಡಿಗೆ ಹಲ್ಲಿನದೊಂದು, ಒಂದು ಕತ್ತರಿ. ಇದಕ್ಕಿಂತ ಹೆಚ್ಚಿನದಕ್ಕೆ ಟ್ರೇಯಲ್ಲಿ ಸೀಳಿಲ್ಲವೆಂದು ಸಿಂಕಿನ ಕೆಳಗಿನ ಕಪಾಟಿಗೆ ಎಸೆಯುವವರೇ ಜಾಸ್ತಿ. ಅಲ್ಲಿ ನೀರಿನ ಪ್ಲಾಸ್ಟಿಕ್ ಕೊಳವೆ, ಪಂಪಿನ ವೈರು ಎರಡೂ ಬರಿಮೈಯಲ್ಲಿ ಹಾದುಹೋಗಿರುತ್ತವೆ.

ಊರು ಮುಟ್ಟಿದ ಮೇಲೆ ಡ್ರಾಯರನ್ನು ಮೊದಲು 5 ಸೆಂಟಿಮೀಟರ್ ಮಾತ್ರ ಎಳೆದು, ದೀಪ ಹಾಕಿ ಇಣುಕಿ ನೋಡಿ, ಆಮೇಲೆ ಕೈ ಹಾಕಿ.