ಒಂದೇ ಕಿವಿ ಮಷೀನ್, ಎರಡು ಥರದ ಸೆಟ್ಟಿಂಗ್

ಮೊಮ್ಮಗ "ಸಾಕು ಅಜ್ಜಿ" ಅಂದರೆ ನನಗೆ "ಹಾಕು ಅಜ್ಜಿ" ಅಂತಲೇ ಕೇಳುತ್ತಿತ್ತು. ಇನ್ನೊಂದು ಸೌಟು ಸಾರು ಬಡಿಸಿಬಿಡುತ್ತಿದ್ದೆ. ಪಾಪ, ಮಗು ತಟ್ಟೆಗೆ ಕೈ ಅಡ್ಡ ಹಿಡಿಯುವುದನ್ನು ಕಲಿತಿತ್ತು. ಹೊಸ ಮಷೀನ್ ಬಂದ ಮೇಲೂ ಅದು ತಪ್ಪಲಿಲ್ಲ. ಆಮೇಲೆ ಅದೇ ಮಷೀನನ್ನು ಬೇರೆ ಕಡೆ ಸೆಟ್ ಮಾಡಿಸಿದೆ. ಎರಡನ್ನೂ ತಿಂಗಳುಗಟ್ಟಲೆ ಬಳಸಿ ನೋಡಿದ್ದೇನೆ.

ಮೊದಲ ಸಲ, ಕೊಂಡ ಅಂಗಡಿಯಲ್ಲೇ. ಆಡಿಯೋಗ್ರಾಂ, ಅಂದರೆ ಕಿವಿ ಎಷ್ಟು ಕೇಳುತ್ತದೆ ಅನ್ನುವ ಪರೀಕ್ಷೆಯ ಅಂಕಿಗಳನ್ನು ಕಂಪ್ಯೂಟರಿಗೆ ಹಾಕಿದರು, ಬಟನ್ ಒತ್ತಿದರು. ಹತ್ತು ನಿಮಿಷದ ಕೆಲಸ. "ಕೇಳಿಸ್ತಿದೆಯಾ ಅಮ್ಮಾ?" ಅಂದರು. ಕೇಳಿಸುತ್ತಿತ್ತು, ಹಿತವಾಗಿಯೂ ಇತ್ತು. ಮನೆಗೆ ಬಂದು ಫ್ಯಾನ್ ಹಾಕಿದಾಗ ಗೊತ್ತಾಯಿತು, ದನಿ ಬರುತ್ತದೆ, ಮಾತು ಬಿಡಿಬಿಡಿಯಾಗಿ ತಿಳಿಯುವುದಿಲ್ಲ.

ಎರಡನೆಯ ಸಲ ಒಂದು ಕ್ಲಿನಿಕ್‌ನಲ್ಲಿ. ಅಲ್ಲಿನ ಆಡಿಯಾಲಜಿಸ್ಟ್ (ಶ್ರವಣ ತಜ್ಞರು) ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಓದಿದವರು. ಅವರು ಮಾಡಿದ್ದು ರಿಯಲ್ ಇಯರ್ ಮೆಷರ್‌ಮೆಂಟ್, ಅಂದರೆ ಮಷೀನಿನ ದನಿಯನ್ನು ಕಿವಿಯೊಳಗೇ ಅಳೆಯುವುದು. ತೆಳ್ಳನೆಯ, ಮೆತ್ತನೆಯ ಕೊಳವೆಯೊಂದನ್ನು ಕಿವಿತಮಟೆಯ ಹತ್ತಿರದವರೆಗೆ ಇಳಿಸಿದರು. ಸ್ವಲ್ಪ ಕಚಗುಳಿ, ನೋವಿಲ್ಲ. ಅದರ ಜೊತೆಗೇ ಮಷೀನ್ ಹಾಕಿದರು. ಎದುರಿನ ಸ್ಪೀಕರಿನಲ್ಲಿ ಹೆಂಗಸರ ಮಾತು ಶುರುವಾಯಿತು. ಒಂದು ಪದವೂ ಅರ್ಥವಾಗಲಿಲ್ಲ, ಹೆದರಿಬಿಟ್ಟೆ. "ಅದು ಅರ್ಥ ಆಗಬಾರದು ಅಮ್ಮ. ಆರು ಭಾಷೆಯವರ ಮಾತನ್ನು ತುಂಡು ಮಾಡಿ ಜೋಡಿಸಿರೋದು. ಪರೀಕ್ಷೆಗೆ ಅಂತಲೇ ಮಾಡಿರೋದು" ಅಂದರು.

ಪರದೆಯ ಮೇಲೆ ಎರಡು ಗೆರೆ ತೋರಿಸಿದರು. ನನಗೆ ಎಷ್ಟು ಬೇಕು ಅನ್ನುವುದು ಒಂದು, ತಮಟೆಯ ಹತ್ತಿರ ನಿಜಕ್ಕೂ ಎಷ್ಟು ಬರುತ್ತಿದೆ ಅನ್ನುವುದು ಇನ್ನೊಂದು. ದನಿಯ ಕೀಚುತನದ ಅಳತೆ ಹರ್ಟ್ಜ್, ಜೋರಿನ ಅಳತೆ ಡೆಸಿಬೆಲ್. 3000 ಹರ್ಟ್ಜ್ ದಾಟಿದ ಮೇಲೆ ಎರಡನೆಯ ಗೆರೆ ಸುಮಾರು 10 ಡೆಸಿಬೆಲ್ ಕೆಳಗೆ ಜಾರಿತ್ತು. 'ಸ', 'ಶ'ಗಳ ಜೀವ ಇರುವುದೇ ಆ ಕಡೆ! ಅಂಗಡಿಯ ಸಾಫ್ಟ್‌ವೇರ್ ಲೆಕ್ಕ ಹಾಕಿದ್ದು ಸರಾಸರಿ ಕಿವಿಗೆ. ಕಿವಿಯ ನಾಳ ಒಬ್ಬೊಬ್ಬರದು ಒಂದೊಂದು ಅಳತೆ. ಬೇಕಾದ ಗೆರೆ ಬಂದದ್ದು ಆಸ್ಟ್ರೇಲಿಯಾದ ನ್ಯಾಷನಲ್ ಅಕೌಸ್ಟಿಕ್ ಲ್ಯಾಬೊರೇಟರೀಸ್ ಸಂಶೋಧಕರ ಎನ್‌ಎಎಲ್-ಎನ್‌ಎಲ್2 ಸೂತ್ರದಿಂದ. ಯಾವ ದನಿಯನ್ನು ಎಷ್ಟು ಏರಿಸಬೇಕು ಅಂತ ಲೆಕ್ಕ ಹೇಳುವ ಸೂತ್ರ ಅದು. ಅಷ್ಟು ವರ್ಷಗಳ ಸಂಶೋಧನೆ ಸಾವಿರಾರು ಮೈಲಿ ದಾಟಿ ಬಂದಿದೆ. ಕೊನೆಗೆ ಅದು ನನ್ನ ಕಿವಿಯೊಳಗೆ ಮುಟ್ಟಿದೆಯೋ ಇಲ್ಲವೋ ಅಂತ ನೋಡದೆ ಅಂಗಡಿಯವರು ಕಳಿಸಿದ್ದರಲ್ಲ, ಅದೇ ನನಗೆ ಬೇಜಾರು.

ಕ್ಲಿನಿಕ್‌ನಲ್ಲಿ ಎರಡು ಗೆರೆಯೂ ಹೊಂದುವಂತೆ ದನಿ ಏರಿಸಿಕೊಟ್ಟರು. ಈ ಎರಡನೆಯ ಸೆಟ್ಟಿಂಗ್ ಮೊದಮೊದಲು ಇಷ್ಟವಾಗಲಿಲ್ಲ. ಸ್ಟೀಲ್ ತಟ್ಟೆ, ನಲ್ಲಿ ನೀರು, ಪೇಪರ್ ಮಡಚುವ ಸದ್ದು, ಎಲ್ಲ ಚುಚ್ಚುತ್ತಿದ್ದವು. ಹಿತ ಅನ್ನುವುದೊಂದನ್ನೇ ನೋಡಿದರೆ ಅಂಗಡಿಯದೇ ಮೇಲು. ಮೂರು ವಾರ ಬಿಡದೆ ಹಾಕಿಕೊಂಡೆ, ಆ ಚುಚ್ಚು ಹೋಯಿತು. ಈಗ ಅಡುಗೆಮನೆಯಲ್ಲಿ ಬೆನ್ನು ಮಾಡಿ ನಿಂತಿದ್ದರೂ "ಸಾಕು" ಅಂದದ್ದು "ಸಾಕು" ಅಂತಲೇ ಕೇಳುತ್ತದೆ. ಖರ್ಚು ಸ್ವಲ್ಪ ಜಾಸ್ತಿ, ಒಂದು ಗಂಟೆ ಕೂರಬೇಕು. ಆದರೂ ನನ್ನ ಆಯ್ಕೆ ಇದೇ.

ಮದುವೆ ಛತ್ರದಲ್ಲಿ ಮಾತ್ರ ಎರಡೂ ಸಾಲವು. ಓಲಗ ಶುರುವಾದರೆ ಮಾತಾಡುವವರ ಪಕ್ಕಕ್ಕೆ ಹೋಗಿ, ಮುಖ ನೋಡುತ್ತಾ ಕೂರುತ್ತೇನೆ. ನೀವು ಮಷೀನ್ ಕೊಳ್ಳುವುದಿದ್ದರೆ ದುಡ್ಡು ಕೊಡುವ ಮೊದಲೇ ಕೇಳಿ: "ಕಿವಿಯೊಳಗೆ ಕೊಳವೆ ಇಟ್ಟು ಅಳೆದು ನೋಡ್ತೀರಾ?"