ಕ್ರೌನ್ ಪಿನಿಯನ್ ಹಾಕಿಸುವವರೇ, ಹೌಸಿಂಗ್ ಮುಚ್ಚುವ ಮುಂಚೆ ಇದನ್ನು ಓದಿ

ಸೆಪ್ಟೆಂಬರ್ ತಿಂಗಳು, ಹಾಸನದಿಂದ ಮಂಗಳೂರಿಗೆ ಆಲೂಗಡ್ಡೆ ಲೋಡು. ದೋಣಿಗಾಲ್ ದಾಟಿ ಶಿರಾಡಿ ಘಾಟಿ ಇಳಿಯುತ್ತಿದ್ದೆವು. ಮಳೆ ಹನಿಯುತ್ತಿತ್ತು, ಪಿಕಪ್ ಮೂರನೇ ಗೇರಿನಲ್ಲಿತ್ತು. ಹಿಂದಿನ ಹೌಸಿಂಗ್‌ನಲ್ಲಿ, ಅಂದರೆ ಹಿಂಚಕ್ರಗಳ ನಡುವಿನ ಗೇರು ಕೂರುವ ಗೂಡಿನಲ್ಲಿ, 'ಟಣ್' ಅಂತ ಒಂದು ಏಟು, ಆಮೇಲೆ ಕಟಕಟ ಸದ್ದು. ಅಷ್ಟರಲ್ಲೇ ಇಂಜಿನ್ನಿನ ಹಿಡಿತ ಹೋಯಿತು. ಗೇರಿನಲ್ಲಿದ್ದ ಗಾಡಿ ನ್ಯೂಟ್ರಲ್ ಮಾಡಿದ ಹಾಗೆ ಇಳಿಜಾರಿನಲ್ಲಿ ಓಡತೊಡಗಿತು. ಪುಣ್ಯಕ್ಕೆ ಬ್ರೇಕ್ ಹಿಡಿಯಿತು. ಎಡಕ್ಕೆ ಒತ್ತಿ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಟ್ಟೆವು. ಪಕ್ಕದಲ್ಲಿದ್ದ ಬಾಮೈದ ಸುಮಾರು ಹೊತ್ತು ಮಾತೇ ಆಡಲಿಲ್ಲ. ಬ್ರೇಕ್ ಡ್ರಮ್ಮು ಕಾದಿದ್ದರೆ ಏನಾಗುತ್ತಿತ್ತು ಅಂತ ನೆನೆಸಿಕೊಂಡರೆ ಈಗಲೂ ಎದೆ ನಡುಗುತ್ತದೆ.

ಮುರಿದದ್ದು ಹಳೇ ಗೇರಲ್ಲ. ಹಾಕಿಸಿ ಬರೀ 600 ಕಿ.ಮೀ. ಆಗಿದ್ದ ಹೊಸ ಕ್ರೌನ್ ಪಿನಿಯನ್. ಇಂಜಿನ್ನಿನ ಬಲವನ್ನು ಹಿಂಚಕ್ರಕ್ಕೆ ಮುಟ್ಟಿಸುವ ಗೇರಿನ ಜೋಡಿ ಇದು: ದೊಡ್ಡದು ಕ್ರೌನ್, ಅದನ್ನು ತಿರುಗಿಸುವ ಚಿಕ್ಕದು ಪಿನಿಯನ್.

ಹಳೆಯದು ಊಂ ಅಂತ ಕೂಗಲು ಶುರುಮಾಡಿದಾಗ ಮೆಕ್ಯಾನಿಕ್ ಸೆಟ್ ಬದಲಾಯಿಸಲು ಹೇಳಿದ. ಅದು ಸರಿಯಾದ ಸಲಹೆಯೇ. ತಪ್ಪಿದ್ದು ಸೆಟ್ ಕೊಳ್ಳುವಾಗ. ಒಂದೇ ಮಾಡೆಲ್ ಗಾಡಿಗೂ ವರ್ಷಕ್ಕೆ ತಕ್ಕಂತೆ ರೇಶಿಯೊ (ಎರಡು ಗೇರಿನ ಹಲ್ಲುಗಳ ಅನುಪಾತ) ಬೇರೆ ಇರಬಹುದು ಅಂತ ನನಗೆ ಗೊತ್ತಿತ್ತು. ಅದಕ್ಕೇ ಹಳೇ ಗೇರನ್ನು ಅಂಗಡಿಗೇ ಒಯ್ದು ಹಲ್ಲು ಎಣಿಸಿದೆ. ಕ್ರೌನ್‌ಗೆ 41, ಪಿನಿಯನ್‌ಗೆ 10, ಅಂದರೆ 4.1. ಹೊಸದರಲ್ಲೂ ಅಷ್ಟೇ ಇತ್ತು. ಇಷ್ಟು ನೋಡಿ ಸಮಾಧಾನಪಟ್ಟುಕೊಂಡೆ. ಕ್ರೌನ್ ಒಂದು ಡಬ್ಬಿಯಿಂದ, ಪಿನಿಯನ್ ಇನ್ನೊಂದರಿಂದ ಬಂದದ್ದನ್ನು ಕಣ್ಣಾರೆ ಕಂಡಿದ್ದೆ. "ಒಂದೇ ಮಾಲು ಅಣ್ಣ, ಕೂರುತ್ತೆ" ಅಂದ ಅಂಗಡಿಯವ. ಮೂರು ಸಾವಿರ ಕಡಿಮೆಗೆ ಕೊಟ್ಟ. ತಂದೆ.

ಹಲ್ಲಿನ ಲೆಕ್ಕ ಸರಿಯಿದ್ದ ಮಾತ್ರಕ್ಕೆ ಅದು ಜೋಡಿಯಾಗುವುದಿಲ್ಲ. ಈ ಗೇರುಗಳನ್ನು ತಯಾರಿಸುವಾಗ ಒಂದು ಕ್ರೌನ್‌ಗೆ ಒಂದು ಪಿನಿಯನ್ ಕೂಡಿಸಿ, ಮಧ್ಯೆ ಉಜ್ಜುಪುಡಿ ಬಿಟ್ಟು ತಿರುಗಿಸಿ ಲ್ಯಾಪ್ ಮಾಡುತ್ತಾರೆ. ಆ ಎರಡರ ಹಲ್ಲಿನ ಮೈ ಒಂದಕ್ಕೊಂದು ಒಗ್ಗುವುದು ಹಾಗೆ. ಗುರುತಿಗೆ ಎರಡರ ಮೇಲೂ ಒಂದೇ ಜೋಡಿ ನಂಬರ್ ಕೆತ್ತಿರುತ್ತಾರೆ. ಪಿನಿಯನ್ನಿನ ತಲೆ ಮೇಲೆ, ಕ್ರೌನ್‌ನ ಅಂಚಿನಲ್ಲಿ ಹುಡುಕಿ. ಪಾರ್ಟ್ ನಂಬರ್ ಬೇರೆ, ಇದು ಬೇರೆ. ನನ್ನ ಎರಡರ ಮೇಲೂ ಜೋಡಿ ನಂಬರ್ ಇತ್ತು, ಆದರೆ ಬೇರೆ ಬೇರೆ. ಅದನ್ನು ನೋಡಿದ್ದು ಮುರಿದ ಮೇಲೆ.

ಕೂರಿಸಿದ ರೀತಿಯೂ ಅಷ್ಟೇ ಕೆಟ್ಟದ್ದು. ಆ ಮೆಕ್ಯಾನಿಕ್ ಇಂಜಿನ್ ಕೆಲಸದಲ್ಲಿ ನಿಜಕ್ಕೂ ಗಟ್ಟಿಗ, ಆದರೆ ಹೌಸಿಂಗ್ ಕೆಲಸಕ್ಕೆ ಬೇಕಾದ, ಕೂದಲೆಳೆಯಷ್ಟು ಅಲುಗಾಟವನ್ನೂ ಮುಳ್ಳಿನಲ್ಲಿ ತೋರಿಸುವ ಡಯಲ್ ಗೇಜೇ ಅವನಲ್ಲಿರಲಿಲ್ಲ. ಪಿನಿಯನ್ ಎಷ್ಟು ಒಳಕ್ಕೆ ಕೂರಬೇಕು ಅಂತ ನಿರ್ಧರಿಸುವ ತೆಳು ಬಳೆ, ಅಂದರೆ ಶಿಮ್, ಹಳೆಯದನ್ನೇ ಹಾಕಿದ. ನಟ್ಟು ಬಿಗಿದಾಗ ಅಮುಕಿಕೊಳ್ಳುವ ಕೊಳವೆಯಂಥ ಸ್ಪೇಸರ್ ಒಮ್ಮೆ ಅಮುಕಿಹೋಗಿತ್ತು, ಅದನ್ನೇ ಮತ್ತೆ ಬಳಸಿ, ರಾಡಿಗೆ ಪೈಪು ಸಿಕ್ಕಿಸಿ ನಟ್ಟು ಬಿಗಿದ. ಕ್ರೌನ್ ಅಲ್ಲಾಡಿಸಿ "ಪ್ಲೇ ಸರಿಯಿದೆ ಬಿಡಿ" ಅಂದ. ಮಾರನೇ ದಿನವೇ ನಾನು ಫುಲ್ ಲೋಡ್ ಹೇರಿದೆ. 300 ಕಿ.ಮೀ.ಗೇ ಸದ್ದು ಬಂದಿತ್ತು. "ಹೊಸದು, ಒಗ್ಗಲಿ" ಅಂದ, ನಂಬಿ ಓಡಿಸಿದೆ. ಹೊಸ ಗೇರ್ ಕೂಗಿದರೆ ನಂಬಬೇಡಿ. ಸರಿಯಾಗಿ ಕೂರದ ಗೇರಿನ ಕೂಗು ಓಡಿಸುತ್ತಾ ಹೋದರೆ ನಿಲ್ಲುವುದಿಲ್ಲ, ಹಲ್ಲೇ ಸವೆಯುತ್ತದೆ.

ಎರಡನೇ ಸಲ ಹೌಸಿಂಗ್ ಕೆಲಸವನ್ನೇ ಮಾಡುವ ಒಬ್ಬ ಹಿರಿಯರ ಬಳಿ ಹೋದೆ. ಕೆಲಸ ಎರಡು ದಿನ ಹಿಡಿಯಿತು, ಪಕ್ಕದಲ್ಲೇ ಕೂತು ನೋಡಿದೆ. ಮೊದಲು ಜೋಡಿ ನಂಬರ್ ಓದಿದರು. ಬೇರಿಂಗ್‌ಗಳೆಲ್ಲ ಹೊಸವು, ಸ್ಪೇಸರ್ ಹೊಸದು, ಪಿನಿಯನ್ ನಟ್ಟೂ ಹೊಸದು. ಪಿನಿಯನ್ ತಿರುಗಿಸಲು ಎಷ್ಟು ಬಲ ಬೇಕು ಅಂತ ಚಿಕ್ಕ ಟಾರ್ಕ್ ರೆಂಚಿನಲ್ಲಿ ಅಳೆಯುತ್ತಾ ನಟ್ಟನ್ನು ಸ್ವಲ್ಪ ಸ್ವಲ್ಪವೇ ಬಿಗಿದರು. ಜಾಸ್ತಿ ಬಿಗಿದರೆ ಸಡಿಲಿಸಿ ಸರಿಮಾಡಲು ಆಗುವುದಿಲ್ಲ, ಸ್ಪೇಸರ್ ಇನ್ನೊಂದು ಹೊಸದೇ ಬೇಕು. ಆಮೇಲೆ ಡಯಲ್ ಗೇಜ್ ಹಚ್ಚಿ ಬ್ಯಾಕ್‌ಲ್ಯಾಶ್, ಅಂದರೆ ಎರಡು ಗೇರಿನ ಹಲ್ಲುಗಳ ನಡುವಿನ ಪ್ಲೇ, ನೋಡಿದರು. ಇಂಥ ಆಕ್ಸಲ್‌ಗಳಲ್ಲಿ ಸಾಮಾನ್ಯವಾಗಿ 0.15ರಿಂದ 0.20 ಮಿ.ಮೀ. ಆಸುಪಾಸು ಬರುತ್ತದೆ. ನಿಮ್ಮ ಗಾಡಿಯ ಮ್ಯಾನುಯಲ್ಲಿನಲ್ಲಿ ಬೇರೆ ಅಳತೆ ಇದ್ದರೆ ಅದೇ ಸರಿ. ಕೈಯಲ್ಲಿ ಅಲ್ಲಾಡಿಸಿ ಇಷ್ಟು ಸಣ್ಣ ಅಳತೆ ಹೇಳಲು ಯಾರಿಂದ ಸಾಧ್ಯ?

ಕೊನೆಗೆ ಹಲ್ಲಿಗೆ ನೀಲಿ ಬಣ್ಣ ಸವರಿ, ಕ್ರೌನನ್ನು ಕೈಯಲ್ಲಿ ತಡೆಹಿಡಿದು ತಿರುಗಿಸಿದರು. ಹಲ್ಲು ಎಲ್ಲಿ ತಾಗುತ್ತದೋ ಅಲ್ಲಿ ಗುರುತು ಮೂಡುತ್ತದೆ. ಮೊದಲ ಸಲ ಗುರುತು ಹಲ್ಲಿನ ಬುಡಕ್ಕೆ ಬಿತ್ತು. ಪಿನಿಯನ್ ಒಳಕ್ಕೆ ಜಾಸ್ತಿ ಬಂದಿದೆ ಅಂತ ಅರ್ಥ. ಬಿಚ್ಚಿ ಶಿಮ್ ಬದಲಿಸಿದರು. ಮೂರನೇ ಸಲಕ್ಕೆ ಗುರುತು ಹಲ್ಲಿನ ಮಧ್ಯಕ್ಕೆ ಬಂತು. ಅದರ ಫೋಟೊ ತೆಗೆಸಿಕೊಟ್ಟರು. ನೀವೂ ಕೇಳಿ. ಈ ಫೋಟೊ ಮತ್ತು ಗೇಜಿನ ಅಳತೆ ತೋರಿಸದೆ ಮುಚ್ಚುತ್ತೇನೆ ಅನ್ನುವವರ ಕೈಗೆ ಹೌಸಿಂಗ್ ಕೊಡಬೇಡಿ. ಫೋರ್ ವೀಲ್ ಡ್ರೈವ್ ಗಾಡಿಯಾದರೆ ಮುಂದಿನ ಆಕ್ಸಲ್ಲಿನ ರೇಶಿಯೊ ಕೂಡ ಹಿಂದಿನದಕ್ಕೆ ಸರಿಹೊಂದಲೇಬೇಕು.

ಎಣ್ಣೆ ಜಿಎಲ್-5 ದರ್ಜೆಯದ್ದು ಹಾಕಿದರು. ಈ ಗೇರಿನ ಹಲ್ಲುಗಳು ಜಾರುತ್ತಾ ಉಜ್ಜುವುದರಿಂದ ಜಿಎಲ್-4 ಸಾಲದು. ಮೊದಲ ದಿನ ಖಾಲಿ ಗಾಡಿಯಲ್ಲಿ ನಿಧಾನವಾಗಿ 25 ಕಿ.ಮೀ. ಓಡಿಸಿ, ಹೌಸಿಂಗ್ ಪೂರ್ತಿ ತಣ್ಣಗಾಗಲು ಬಿಡಲು ಹೇಳಿದರು. 800 ಕಿ.ಮೀ. ತನಕ ಭಾರ ಹೇರಲಿಲ್ಲ, ಅಷ್ಟು ದಿನದ ಬಾಡಿಗೆ ಬಿಟ್ಟೆ. ಆಮೇಲೆ ಎಣ್ಣೆ ಇಳಿಸಿದಾಗ ಡ್ರೈನ್ ಪ್ಲಗ್ಗಿನ ಅಯಸ್ಕಾಂತಕ್ಕೆ ಬೂದಿಯಂಥ ನುಣುಪು ಪುಡಿಯಷ್ಟೇ ಅಂಟಿತ್ತು, ಚೂರು ಒಂದೂ ಇರಲಿಲ್ಲ.