ಕ್ಲಿಪ್ ಕಿತ್ತು ಬಂದರೆ ಚಕ್ಕುಲಿಯನ್ನೇ ಬೈಯಬೇಡಿ

ಮಕ್ಕಳ ಹಲ್ಲಿಗೆ ಕ್ಲಿಪ್ ಹಾಕಿಸುವವರು ಇದನ್ನೊಮ್ಮೆ ಓದಿ. ನನ್ನ ಮಗಳಿಗೆ ಕೆಳಗಿನ ಸಾಲಿನ ಹಿಂದಿನ ಬ್ರಾಕೆಟ್‌ಗಳು (ತಂತಿ ಹಿಡಿಯಲು ಒಂದೊಂದು ಹಲ್ಲಿಗೂ ಅಂಟಿಸುವ ಪುಟ್ಟ ತುಂಡುಗಳು) ಪದೇ ಪದೇ ಕಿತ್ತು ಬರುತ್ತಿದ್ದವು. ಕ್ಲಿನಿಕ್ಕಿಗೆ ಹೋದಾಗಲೆಲ್ಲ ಒಂದೇ ಮಾತು, 'ಗಟ್ಟಿ ತಿಂಡಿ ತಿಂದಿರ್ತಾಳೆ ಬಿಡಿ ಮೇಡಂ.' ಪಾಪ, ಹುಡುಗಿ ಚಕ್ಕುಲಿ, ಕೋಡುಬಳೆ ಮುಟ್ಟುವುದನ್ನೇ ಬಿಟ್ಟಿದ್ದಳು. ಮತ್ತೆ ಅಂಟಿಸಿದ್ದಕ್ಕೆ ಪ್ರತಿ ಸಲವೂ ಬೇರೆ ಬಿಲ್ಲು.

ಕಡೆಗೆ ಕಿತ್ತು ಬಂದಿದ್ದನ್ನು ಡಬ್ಬಿಯಲ್ಲಿ ಹಾಕಿಕೊಂಡು ಬೇರೊಬ್ಬ ಆರ್ಥೊಡಾಂಟಿಸ್ಟ್ (ಕ್ಲಿಪ್ ಹಾಕುವ ಹಲ್ಲಿನ ತಜ್ಞರು) ಹತ್ತಿರ ಹೋದೆವು. ಅವರು ಮೊದಲು ನೋಡಿದ್ದೇ ಬ್ರಾಕೆಟ್ಟಿನ ಬೆನ್ನನ್ನು. ಅಲ್ಲಿರುವ ಸಣ್ಣ ಜಾಲರಿ ತುಂಬ ಅಂಟು ಹಾಗೇ ಇತ್ತು. ಹಲ್ಲಿನ ಮೇಲೆ ಒಂದು ಚೂರೂ ಇಲ್ಲ. ಅಂದರೆ ಅಂಟು ಹಲ್ಲಿಗೆ ಸರಿಯಾಗಿ ಹಿಡಿದೇ ಇರಲಿಲ್ಲ. ಹೀಗಾದಾಗ ಮೊದಲ ಅನುಮಾನ ಎಂಜಲಿನ ಮೇಲೆ ಎಂದರು.

ಹಲ್ಲಿನ ನುಣುಪಾದ ಹೊರಪದರ ಎನಾಮಲ್‌ಗೆ ಈ ಕಾಂಪೊಸಿಟ್ ಅಂಟು ಸುಮ್ನೆ ಕೂರುವುದಿಲ್ಲ. ಹಲ್ಲು ಉಜ್ಜಿ, 37% ಫಾಸ್ಫಾರಿಕ್ ಆಸಿಡ್ ಜೆಲ್ಲನ್ನು 15ರಿಂದ 30 ಸೆಕೆಂಡ್ ಹಚ್ಚಿಟ್ಟು, ಚೆನ್ನಾಗಿ ತೊಳೆದು ಗಾಳಿಯಲ್ಲಿ ಒಣಗಿಸುತ್ತಾರೆ. ಆ ಜಾಗ ಸೀಮೆಸುಣ್ಣದಂತೆ ಬೆಳ್ಳಗಾಗುತ್ತದೆ. ಅಲ್ಲಿ ಕಣ್ಣಿಗೆ ಕಾಣದ ತೂತುಗಳು ಆಗಿರುತ್ತವೆ. ಅಂಟಿಗೂ ಮೊದಲು ಹಚ್ಚುವ ತೆಳು ದ್ರವ, ಪ್ರೈಮರ್, ಅವುಗಳೊಳಗೆ ಇಳಿದು ನೀಲಿ ಲೈಟಿಗೆ ಗಟ್ಟಿಯಾಗಬೇಕು. ನಡುವೆ ಎಂಜಲು ತಾಗಿತೋ, ತೂತು ಮುಚ್ಚಿಹೋಗುತ್ತವೆ. ತೊಳೆದು ಮತ್ತೆ ಆಸಿಡ್ ಹಚ್ಚಲೇಬೇಕು. ನಾವು ಮೊದಲು ಹೋಗುತ್ತಿದ್ದ ಕ್ಲಿನಿಕ್ಕಿನಲ್ಲಿ ಎಂಜಲು ಹೀರಲು ಇಟ್ಟ ಹತ್ತಿ ಸುರುಳಿ ನೆನೆದು ತೊಪ್ಪೆಯಾದರೂ ಬದಲಿಸುತ್ತಿರಲಿಲ್ಲ. ಎಂಜಲು ಎಳೆಯುವ ಪೈಪನ್ನು ಮಗಳ ಕೈಗೇ ಕೊಟ್ಟಿದ್ದರು! ಹೊಸ ಡಾಕ್ಟರು ಕೆನ್ನೆ, ತುಟಿ ಅಗಲಿಸಿ ಹಿಡಿಯುವ ರಿಟ್ರ್ಯಾಕ್ಟರ್ ಹಾಕಿ, ಹತ್ತಿ ಬದಲಿಸುತ್ತಾ ಒಂದೊಂದನ್ನೇ ಕೂರಿಸಿದರು. ಒದ್ದೆ ಜಾಸ್ತಿ ಇರುವ ಕೊನೆಯ ದವಡೆ ಹಲ್ಲಿಗೆ ಬ್ರಾಕೆಟ್ ಬೇಡವೆಂದು ಸುತ್ತ ಬ್ಯಾಂಡ್ (ಉಂಗುರದಂಥ ಲೋಹದ ಪಟ್ಟಿ) ಹಾಕಿ, ಗ್ಲಾಸ್ ಅಯೊನೊಮರ್ ಸಿಮೆಂಟಿನಲ್ಲಿ ಕೂರಿಸಿದರು. ಅದು ತೇವವನ್ನು ಸ್ವಲ್ಪ ತಡೆದುಕೊಳ್ಳುತ್ತದಂತೆ.

ಗಟ್ಟಿ ತಿಂಡಿಯಿಂದ, ಮೇಲಿನ ಹಲ್ಲು ಬಡಿದು ಕೀಳುವುದೂ ಉಂಟು, ಇಲ್ಲ ಅಂತಲ್ಲ. ಆದರೆ ಅದೇ ಹಲ್ಲಿನದು ಮತ್ತೆ ಮತ್ತೆ ಬಂದರೆ ಕಾರಣ ಕೇಳಿ. ಬ್ರಾಕೆಟ್ ಎಸೆಯಬೇಡಿ, ಬೆನ್ನು ನೋಡಿ. ಮನೆಯಲ್ಲಿ ಫೆವಿಕ್ವಿಕ್ ಹಾಕುವ ಸಾಹಸವಂತೂ ಬೇಡವೇ ಬೇಡ (ನಮ್ಮ ಭಾವನವರು ಹಾಕಿ ನೋಡಿ ಅಂದಿದ್ದರು). ಅದು ಬಾಯಿಗೆ ಹಾಕುವ ಅಂಟಲ್ಲ. ಮೇಲಾಗಿ ಬ್ರಾಕೆಟ್ ಓರೆಯಾಗಿ ಕೂತರೆ ತಂತಿ ಹಲ್ಲನ್ನೂ ಓರೆಗೇ ಎಳೆಯುತ್ತದೆ. ಇನ್ನು ದುಡ್ಡು ಕಟ್ಟುವ ಮೊದಲೇ, ಕಿತ್ತು ಬಂದ ಬ್ರಾಕೆಟ್ ಮರಳಿ ಅಂಟಿಸುವ ಖರ್ಚು ಯಾರದ್ದು ಅಂತ ಚೀಟಿಯಲ್ಲಿ ಬರೆಸಿಕೊಳ್ಳಿ.